ಬಾಟಲಿ ಮಲಗಿಸಿದ ವರ್ಷ

ಪುಣೆಯಲ್ಲಿ ನಾನು ಕೆಲಸ ಮಾಡುವ ಹೋಟೆಲಿನಲ್ಲಿ ಈಗ ಅಮಲಿಲ್ಲದ ವೈನಿಗೆ ಭಾರಿ ಬೇಡಿಕೆ. ಎಲ್ಲ ವೈನಿನ ಹಾಗೆಯೇ ಮಾಡಿ, ಕೊನೆಯಲ್ಲಿ ಅದರೊಳಗಿನ ಮದ್ಯವನ್ನಷ್ಟೇ ತೆಗೆದುಬಿಡುತ್ತಾರೆ. ಬಣ್ಣ ಅದೇ, ಗ್ಲಾಸು ಅದೇ, ಗತ್ತೂ ಅದೇ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಂದು "ನಾವು ಕುಡಿಯೋದು ಬಿಟ್ಟಿದ್ದೇವೆ" ಎಂದು, ಹಿಂದಿನವರು ಕಾಶಿಗೆ ಹೋಗಿಬಂದದ್ದನ್ನು ಹೇಳುತ್ತಿದ್ದ ಧಾಟಿಯಲ್ಲಿ ಹೇಳಿ, ಅದನ್ನೇ ತರಿಸಿಕೊಳ್ಳುತ್ತಾರೆ. ಕಳೆದ ತಿಂಗಳು ಅಂಥದೊಂದು ಹೊಸ ಬಾಟಲಿ ಬಂತು. ಬಡಿಸುವ ಮೊದಲು ಮೂಗಿಗೆ ಹಿಡಿಯುವುದು ನನ್ನ ಕೆಲಸ. ಹಿಡಿದೆ. ಬಿಸಿಲಲ್ಲಿ ಕ್ರೇಟಿನಲ್ಲಿ ಕೂತು ಆಗತಾನೆ ಬಿರಿಯುತ್ತಿರುವ ದ್ರಾಕ್ಷಿಯ ವಾಸನೆ ಬಂತು, ಫೆಬ್ರುವರಿ ತಿಂಗಳಲ್ಲಿ ಜತ್ತಿನಿಂದ ಉಮದಿಗೆ ಹೋಗುವ ರಸ್ತೆಯುದ್ದಕ್ಕೂ ಬರುವ ವಾಸನೆ. ಗುರುಪಾದ ಮಾಮಾ ಇದ್ದಿದ್ದರೆ "ಅಮಲ ತಗದ ಮ್ಯಾಲ ಇದರಾಗ ಉಳದದ್ದೇನ, ಶೈಲಾ?" ಎಂದು ಕೇಳಿರುತ್ತಿದ್ದ. ಮಾಮಾ ಇಲ್ಲ. ನಾನು ಬಾಟಲಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋಗಿ ಅತ್ತೆ.

ಗುರುಪಾದ ಮಾಮಾ ನನ್ನ ಅವ್ವನ ಕಿರಿಯ ತಮ್ಮ. ನಮ್ಮ ಕಡೆಯ ರೂಢಿಯಂತೆ ನನ್ನಕ್ಕ ಮಹಾದೇವಿಯನ್ನು ಅವನಿಗೇ ಕೊಟ್ಟಿದ್ದರು. ಹೀಗಾಗಿ ಅವನು ನನಗೆ ಎರಡು ಕಡೆಯಿಂದಲೂ ಮಾಮಾ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಉಮದಿಯ ಸಂತೆ ತೋರಿಸಿದವನು ಅವನೇ. ಉಮದಿಯಿಂದ ಒಳಗಿರುವ, ಮಹಾರಾಷ್ಟ್ರದ್ದಾದರೂ ಕನ್ನಡ ಮಾತಿನ ನಮ್ಮ ಊರಿನಲ್ಲಿ ಅವನಿಗೆ ಬೇದಾಣೆಯ ಶೆಡ್ಡಿನಲ್ಲಿ ಕೆಲಸ. ಬೇದಾಣೆ ಎಂದರೆ ಒಣದ್ರಾಕ್ಷಿ. ಹಸಿ ಹಣ್ಣನ್ನು ಔಷಧದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರವಿ, ಗಂಧಕದ ಹೊಗೆ ಕೊಟ್ಟು ಬಣ್ಣ ತರಿಸುತ್ತಾರೆ. ಸಂಜೆಯಾಗುವಷ್ಟರಲ್ಲಿ ಕಣ್ಣು ಕೆಂಪಗೆ, ಗಂಟಲು ಒಣಗಿ, ತೋಳು ಬಿದ್ದುಹೋಗುತ್ತಿದ್ದವು. ಶೆಡ್ಡಿನಿಂದ ಮನೆಗೆ ಬರುವ ದಾರಿಯಲ್ಲೇ ದೇಶಿ ದಾರೂ ಅಂಗಡಿ. ಇನ್ನು ಬೇರೆ ಹೇಳಬೇಕಿಲ್ಲ.

ಮಾಮಾ ಕುಡಿದು ಯಾರಿಗೂ ಕೈ ಎತ್ತಿದವನಲ್ಲ, ಒಂದು ಕೆಟ್ಟ ಮಾತಾಡಿದವನಲ್ಲ. ಕುಡಿದು ಹಾಡುತ್ತಿದ್ದ, ಆಮೇಲೆ ಅಂಗಡಿಯ ಮುಂದಿನ ಗಟಾರದಲ್ಲಿ ಮಲಗುತ್ತಿದ್ದ. ಅಕ್ಕ ಹೋಗಿ ಎಬ್ಬಿಸಿ, ತೋಳು ಹಿಡಿದು, ಮನೆಯ ಮುಂದಿನ ಕಲ್ಲಿನ ಮೇಲೆ ಕೂಡಿಸಿ ಮೈ ತೊಳೆಯುತ್ತಿದ್ದಳು. "ಇವ್ರ ದೆಸಿಯಿಂದ ನನ್ನ ಜನ್ಮದಾಗ ಕಪಡಾ ಒಗ್ಯೂದು ಮುಗ್ಯೂದಿಲ್ಲ" ಎಂದು ಗೊಣಗುತ್ತ ನಗುತ್ತಿದ್ದಳು ಕೂಡ. ಹೀಗೇ ಒಂದು ವರ್ಷ ಅವಳ ನಗು ನಿಂತಿತು. ಸಾಲೆಯಿಂದ ಬರುತ್ತಿದ್ದ ಮಗಳು ಅಪ್ಪ ಬಿದ್ದದ್ದನ್ನು ಕಂಡು, ಗೆಳತಿಯರ ಎದುರು ಗುರುತಿಲ್ಲದವಳಂತೆ ದಾಟಿಕೊಂಡು ಬಂದಳಂತೆ. ಮನೆಗೆ ಬಂದು ತಾನಾಗಿಯೇ ಹೇಳಿ ಅತ್ತಳಂತೆ.

ನಾನು ಕೊಲ್ಲಾಪುರದಲ್ಲಿ ಹೋಟೆಲಿನ ಕೋರ್ಸು ಮುಗಿಸಿ ಊರಿಗೆ ಬಂದದ್ದೂ ಅದೇ ವರ್ಷ, ದ್ರಾಕ್ಷಿ ಬಳ್ಳಿ ಸವರುವ ಅಕ್ಟೋಬರಿನಲ್ಲಿ. ಊರಿಂದ ಸ್ವಲ್ಪ ದೂರದಲ್ಲಿ ಒಂದು ವೈನರಿ ಆಗಷ್ಟೇ ಪ್ರವಾಸಿಗರಿಗೆಂದು ರುಚಿ ನೋಡುವ ಕೋಣೆ ತೆರೆದಿತ್ತು. ಮರಾಠಿ, ಕನ್ನಡ, ಹಿಂದಿ, ಇಂಗ್ಲಿಷು ಬರುವ ಹುಡುಗಿ ಬೇಕಿತ್ತು, ನಾನು ಸಿಕ್ಕೆ. ಅಪ್ಪ ಊರಿಗೆಲ್ಲ "ದ್ರಾಕ್ಷಿ ಫ್ಯಾಕ್ಟರ್‍ಯಾಗ ನೌಕರಿ" ಎಂದು ಹೇಳಿ ಪಾರಾದ. ಅವ್ವನನ್ನು ಒಪ್ಪಿಸುವುದು ಸುಲಭವಿರಲಿಲ್ಲ.

"ಕೊರಳಾಗ ಲಿಂಗ, ಕೈಯಾಗ ಬಾಟಲಿ. ಚಲೋ ಕಾಣ್ತೈತಿ ನೋಡು" ಎಂದಳು.

"ಅವ್ವಾ, ನಾವು ಕುಡ್ಯೂದಿಲ್ಲ. ಬಾಯಾಗ ಹಾಕ್ಕೊಂಡು ರುಚಿ ನೋಡಿ ಉಗುಳತೀವಿ."

"ಉಗುಳತೀರಿ?"

"ಹೂಂ. ಬಂದವ್ರೂ ಉಗುಳತಾರ. ಅದಕ್ಕಂತನ ಒಂದು ಭಾಂಡೆ ಇಟ್ಟಿರ್ತಾರ."

ಅವ್ವ ಬಹಳ ಹೊತ್ತು ಯೋಚಿಸಿ, ಗಂಟಲಲ್ಲಿ ಇಳಿಯದಿದ್ದರೆ ಅದು ಕುಡಿದಂತಲ್ಲ ಎಂದು ತೀರ್ಪು ಕೊಟ್ಟಳು. ಮಠದ ಸ್ವಾಮಿಗಳನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಬೇರೆ ತೀರ್ಪು ಬಂದೀತೆಂಬ ಭಯವಿದ್ದಿರಬೇಕು.

ಆ ಕೋಣೆಯ ಕೆಲಸ ನನಗೆ ಹಿಡಿಸಿತು. ಶನಿವಾರ, ಭಾನುವಾರ ಪುಣೆಯಿಂದ, ಮುಂಬೈಯಿಂದ ಕಾರುಗಳು ಬರುತ್ತಿದ್ದವು. ಗಂಡಸರಿಗಿಂತ ಹೆಂಗಸರೇ ಹೆಚ್ಚು. ಬಳ್ಳಿಗಳ ನಡುವೆ ನಿಂತು ಫೋಟೋ ತೆಗೆಸಿಕೊಂಡು, ಆಮೇಲೆ ಉದ್ದ ಮೇಜಿನ ಎದುರು ಕೂತು, ಗ್ಲಾಸಿನ ಕಾಲು ಹಿಡಿದು ತಿರುಗಿಸಿ, ಮೂಗು ಇಳಿಸಿ, ಒಬ್ಬರು ಮೆಣಸಿನ ವಾಸನೆ ಎಂದರೆ ಇನ್ನೊಬ್ಬರು ಚರ್ಮದ ವಾಸನೆ ಎನ್ನುವರು. ಹೊರಗೆ ಒಣಗಾಳಿ, ಬೋಳು ಮಾಳ, ದೂರದಲ್ಲಿ ಮಾಡಗ್ಯಾಳದ ಕುರಿಗಳ ಹಿಂಡು. ಒಳಗೆ ತಂಪು, ಮೆಲುದನಿ. ಬಂದವರು ಕುಡಿಯುವುದನ್ನು ಒಂದು ವಿದ್ಯೆಯಂತೆ ಕಲಿತು ಹೋಗುವುದನ್ನು ಕಂಡು ನನಗೆ ಮೊದಮೊದಲು ನಗು ಬರುತ್ತಿತ್ತು. ಊರಿನ ಅಂಗಡಿಯಲ್ಲಿ ಯಾರೂ ವಾಸನೆ ನೋಡುತ್ತಿರಲಿಲ್ಲ. ಮೂಗು ಮುಚ್ಚಿಕೊಂಡೇ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು.

ಒಂದು ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ಶೈಲಾ, ನಿಮ್ಮ ಫ್ಯಾಕ್ಟರ್‍ಯಾಗ ಉಗುಳೂದು ಕಲಿಸ್ತೀರಿ ಅಂತಲ್ಲ?"

"ಹೌದು, ಯಾಕ?"

"ನಿಮ್ಮ ಮಾಮಾಗ ಕಲಿಸು. ಬಿಡ್ರಿ ಅಂದ್ರ ಬಿಡಾಕ ಆಗವಲ್ದು ಅವ್ರ ಕೈಲೆ. ಬಾಯಿಗಿ ರುಚಿ ಸಿಕ್ಕಂಗೂ ಆತು, ಹೊಟ್ಟಿಗಿ ಹೋಗಲಾರದಂಗೂ ಆತು. ಅಷ್ಟ ಶಾಣ್ಯಾ ಮಂದಿ ಮಾಡ್ತಾರಂದ್ರ ಅದರಾಗ ಏನರೆ ಇದ್ದs ಇರ್ತೈತಿ."

ಅವಳ ಮುಖ ನೋಡಿ ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸೋಮವಾರ ನಮ್ಮ ಕೋಣೆಗೆ ರಜೆ. ಭಾನುವಾರ ತೆರೆದು ಮಿಕ್ಕ ಬಾಟಲಿಗಳನ್ನು ಆ ದಿನ ನಾನೇ ಚೆಲ್ಲಬೇಕಿತ್ತು. ಅಕ್ಕ, ಮಾಮಾ ಇಬ್ಬರೂ ಬಂದರು. ಮಾಮಾ ಮಡಿಕೆ ಹಾಕಿದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಹೆಣ್ಣು ನೋಡಲು ಬಂದವನಂತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಅಕ್ಕ ಗೋಡೆಯ ಗೂಡುಗಳಲ್ಲಿ ಅಡ್ಡ ಮಲಗಿಸಿದ ಬಾಟಲಿಗಳ ಸಾಲು ನೋಡಿ, "ಇವಕ್ಕೇನ ನಿದ್ದಿ ಬಂದೈತೇನು?" ಎಂದಳು.

ನಾನು ಕೆಂಪು ವೈನು ಒಂದು ಗುಟುಕು ಬಗ್ಗಿಸಿ, ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಎಂದು ತೋರಿಸಿದೆ. ಮಾಮಾ ತಪ್ಪಿಲ್ಲದೆ ಮಾಡಿದ. ಮೂಗು ಇಳಿಸಿ ಕಣ್ಣು ಮುಚ್ಚಿದ.

"ಮಳೀಗಿ ತೋಯ್ದ ಕಂಬಳಿ ವಾಸನಿ ಬರ್ತೈತಿ" ಎಂದ.

ಬಾಯಲ್ಲಿ ಹಾಕಿಕೊಂಡ. ನಾಲಿಗೆಯ ಮೇಲೆ ಆಡಿಸು ಎಂದೆ, ಆಡಿಸಿದ. ಇನ್ನು ಉಗುಳು ಎಂದು ಭಾಂಡೆ ಮುಂದೆ ಹಿಡಿದೆ. ಅವನು ಭಾಂಡೆ ನೋಡಿದ, ಅಕ್ಕನನ್ನು ನೋಡಿದ. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತರಿಸಿಕೊಂಡು ನಿಂತ. "ಉಗುಳ್ರಿ, ಉಗುಳ್ರಿ" ಎಂದು ಅಕ್ಕ ಬೆನ್ನು ತಟ್ಟಿದಳು. ಅವನು ನುಂಗಿಬಿಟ್ಟ.

"ಆಗವಲ್ದು ಮಹಾದೇವಿ. ಬಾಯಾಗ ಹೋದದ್ದು ಉಗುಳಬಾರದು ಅಂತ ನಮ್ಮವ್ವ ಹೊಡದು ಕಲಿಸ್ಯಾಳ. ಬರದಾಗ ಹುಟ್ಟಿದ ಬಾಯಿ ಇದು."

ಮೂವರೂ ನಕ್ಕೆವು. ಎರಡನೆಯ ಸಲವೂ ನುಂಗಿದ, ಮೂರನೆಯ ಸಲ ನಾನು ಬಗ್ಗಿಸಲಿಲ್ಲ. ಅಕ್ಕ ನಗುತ್ತಲೇ ಇದ್ದವಳು ಸೆರಗು ಮುಖಕ್ಕೆ ಹಿಡಿದುಕೊಂಡಾಗ, ಅವಳು ಆ ಭಾಂಡೆಯ ಮೇಲೆ ಎಷ್ಟು ಆಸೆ ಇಟ್ಟುಕೊಂಡು ಬಂದಿದ್ದಳೆಂದು ನನಗೆ ಗೊತ್ತಾಯಿತು. ಮಾಮಾ ಎದ್ದು ಅವಳ ಪಕ್ಕ ಕೂತ. "ನನ್ನ ಕೈಲೆ ಆಗೂದಿಲ್ಲ. ನೀ ಏನರೆ ಮಾಡು, ನಾ ಬ್ಯಾಡ ಅನ್ನೂದಿಲ್ಲ" ಎಂದ.

ಅಕ್ಕ ಮಾಡಿದಳು. ಮಹಾರಾಷ್ಟ್ರದಲ್ಲಿ ಊರಿನ ಹೆಂಗಸರು ಮನಸ್ಸು ಮಾಡಿದರೆ ದಾರೂ ಅಂಗಡಿಯನ್ನು ಮತ ಹಾಕಿ ಮುಚ್ಚಿಸಬಹುದು. ಮತದ ಕಾಗದದ ಮೇಲೆ ಎರಡು ಚಿತ್ರ. ನಿಂತ ಬಾಟಲಿಗೆ ಗುರುತು ಹಾಕಿದರೆ ಅಂಗಡಿ ಇರಲಿ ಎಂದು, ಮಲಗಿದ ಬಾಟಲಿಗೆ ಹಾಕಿದರೆ ಮುಚ್ಚಲಿ ಎಂದು. ಮತ ಹಾಕಲು ಬಂದವರಲ್ಲಿ ಹೆಚ್ಚಿನವರು ಮಲಗಿಸಿದರೆ ಸಾಲದು, ಊರಿನ ಮತದಾರರ ಯಾದಿಯಲ್ಲಿರುವ ಹೆಂಗಸರಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಬಂದು ಮಲಗಿಸಬೇಕು. ದಲಿತ ಬೌದ್ಧರ ಓಣಿಯ ಸುನಂದಾ ಅಕ್ಕನಿಗೆ ಜೊತೆಯಾದಳು. ಅವಳ ಗಂಡ ಮಾಮಾನಿಗಿಂತ ಒಂದು ಕೈ ಹೆಚ್ಚು, ಕುಡಿದು ಹೊಡೆಯುತ್ತಿದ್ದ. ಇಬ್ಬರೂ ಮನೆಮನೆ ತಿರುಗಿದರು. ಅಕ್ಕ ಆ ಓಣಿಯ ಮನೆಗಳ ಒಳಗೆ ಕೂತು ನೀರು ಕುಡಿದದ್ದು ಆಗಲೇ ಮೊದಲು. ಅವ್ವನಿಗೆ ಅದು ನನ್ನ ವೈನಿಗಿಂತ ದೊಡ್ಡ ಸಂಕಟವಾಯಿತು, ಆದರೆ ಬಾಯಿ ಬಿಡಲಿಲ್ಲ.

ತೊಡಕು ಬಂದದ್ದು ಬೇರೆ. ಆ ಓಣಿಯ ಅರ್ಧ ಹೆಂಗಸರು ಕಬ್ಬು ಕಡಿಯಲು ಕರಾಡದ ಕಡೆ ಹೋಗಿದ್ದರು. ಅವರು ಬರದಿದ್ದರೆ ಮತ ಸಾಲುತ್ತಿರಲಿಲ್ಲ. ಶೆಡ್ಡಿನ ಟೆಂಪೋ ಕೇಳಿಕೊಂಡು ಅವರನ್ನು ಕರೆತರಲು ಹೋದದ್ದು ಯಾರೆಂದುಕೊಂಡಿರಿ? ಗುರುಪಾದ ಮಾಮಾ. ಅಂಗಡಿಯ ಮುಂದೆ ಕೂತವರು "ಏ ಗುರಪಾದ, ನಿನ್ನ ಗೋರಿ ನೀನs ತೋಡಾಕ ಹೊಂಟಿಯಲ್ಲೋ" ಎಂದು ಕೂಗಿದರಂತೆ. ಅವನು ಹಾರ್ನು ಬಾರಿಸಿಕೊಂಡು ಹೋದನಂತೆ. ಮರುದಿನ ಬೆಳಿಗ್ಗೆ ಚಳಿಯಲ್ಲಿ ಸೆರಗು ಹೊದ್ದ ಹೆಂಗಸರು ತುಂಬಿದ ಟೆಂಪೋ ಸಾಲೆಯ ಮುಂದೆ ಬಂದು ನಿಂತಾಗ ನಾನೂ ಸಾಲಿನಲ್ಲಿದ್ದೆ. ಮಾಮಾ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸುತ್ತಿದ್ದ. ಬಿಳಿ ಅಂಗಿಯನ್ನೇ ತೊಟ್ಟಿದ್ದ.

ಸಂಜೆ ಬಾಟಲಿ ಮಲಗಿತು. ಹಲಗಿ ಬಾರಿಸಿದರು, ಗುಲಾಲು ಎರಚಿದರು. ಅಕ್ಕನ ಹಣೆಯೆಲ್ಲ ಕೆಂಪು. ವೈನರಿಯಲ್ಲಿ ಮರುದಿನ ನಾನು ಪ್ರವಾಸಿಗರಿಗೆ ಇದನ್ನು ಹೇಳಿದಾಗ ಅವರು ಗ್ಲಾಸು ಎತ್ತಿ "ನಿಮ್ಮ ಅಕ್ಕನಿಗೆ" ಎಂದು ಕುಡಿದರು. ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ, ಅಷ್ಟು ಖುಷಿಯಲ್ಲಿದ್ದೆ.

ಮೊದಲ ವಾರ ಮಾಮಾ ನಡುಗಿದ, ಬೆವರಿದ, ರಾತ್ರಿಯೆಲ್ಲ ಎದ್ದು ಕೂತ. ಸರಕಾರಿ ದವಾಖಾನೆಯ ಗುಳಿಗೆ, ಅಕ್ಕನ ಮಜ್ಜಿಗೆ ಎರಡೂ ಹೊಟ್ಟೆಗೆ ಹೋದವು. ಆಮೇಲೆ ತಿಳಿಯಾದ. ಜನವರಿಯಲ್ಲಿ ಮಂಜು ಬಿದ್ದು ದ್ರಾಕ್ಷಿಗೆ ರೋಗ ಬರುವುದೆಂದು ಊರೆಲ್ಲ ಹೆದರಿ ಕೂತಿದ್ದಾಗ ಅಕ್ಕನ ಮನೆಯಲ್ಲಿ ಮಾತ್ರ ಹಬ್ಬ. ಅವನು ಮಾಳಿಗೆಯ ಮಣ್ಣು ಬದಲಿಸಿದ, ಮಗಳನ್ನು ಸಾಲೆಯ ಗೇಟಿನವರೆಗೆ ಬಿಟ್ಟುಬಂದ, ಮಠದ ಭಜನೆಯಲ್ಲಿ ಕುಡಿಯದೆಯೇ ಹಾಡಿದ. ಅವನ ದನಿ ಅಷ್ಟು ಚೆನ್ನಾಗಿತ್ತೆಂದು ನಮಗೆ ಗೊತ್ತೇ ಇರಲಿಲ್ಲ. ಅಕ್ಕ ಮತ್ತೆ ಮೈತುಂಬಿಕೊಂಡಳು. ನಾನು ಅವಳನ್ನು ಅಷ್ಟು ಸುಖವಾಗಿ ಕಂಡದ್ದು ಆ ಒಂದು ತಿಂಗಳು ಮಾತ್ರ, ಮೊದಲೂ ಕಂಡಿರಲಿಲ್ಲ, ಆಮೇಲೂ ಇಲ್ಲ.

ಫೆಬ್ರುವರಿಯಲ್ಲಿ ಕೊಯ್ಲು ಬಂತು. ಬಿಸಿಲು ಏರಿತು, ಶೆಡ್ಡುಗಳಲ್ಲಿ ಹಗಲೆಲ್ಲ ಗಂಧಕದ ಹೊಗೆ. ನಮ್ಮೂರು ಗಡಿಯ ಊರು. ಅಂಗಡಿ ಮುಚ್ಚಿದ್ದು ನಮ್ಮಲ್ಲಿ, ಕರ್ನಾಟಕದಲ್ಲಲ್ಲ. ಗಾಡಿ ಹತ್ತಿದರೆ ಬೇರೆ ರಾಜ್ಯ, ಬೇರೆ ಕಾಯಿದೆ, ಪಾಕೀಟಿನಲ್ಲಿ ಸಿಗುವ ವಿಸ್ಕಿ. ಮತದ ಕಾಗದದ ಮೇಲೆ ಆ ಕಡೆಯ ಬಾಟಲಿಯ ಚಿತ್ರ ಇರಲಿಲ್ಲ, ಇದು ನಮಗೆ ಯಾರಿಗೂ ಹೊಳೆಯಲಿಲ್ಲ. ದಿನಾ ಆ ಕಡೆ ಸಂತೆಗೆ, ಬೀಗರ ಮನೆಗೆ ಹೋಗಿಬರುವ ಜನ ನಾವು. ಗಡಿ ಎಂಬುದು ನಮ್ಮ ಲೆಕ್ಕದಲ್ಲೇ ಇಲ್ಲ. ಹಾಗಾಗಿಯೇ ಮರೆತೆವು.

ಶೆಡ್ಡಿನ ಗಂಡಸರು ಒಂದೊಂದು ಬೈಕಿನಲ್ಲಿ ಇಬ್ಬಿಬ್ಬರು ಹೋಗತೊಡಗಿದರು. ಮಾಮಾ ಮೊದಲು ಹೋಗಲಿಲ್ಲ. ಆಮೇಲೆ ಒಂದು ದಿನ ಹೋದ. ಅಕ್ಕನಿಗೆ ವಾಸನೆ ಬಂತು, ಕೇಳಿದಳು. ಅವನು ಸುಳ್ಳು ಹೇಳಲಿಲ್ಲ. "ತೋಳ ಭಾಳ ನೋಯಾಕತ್ತಿದ್ದು. ಒಂದs ಪಾಕೀಟು" ಎಂದ. ಅವಳು ಬೈಕಿನ ಕೀಲಿ ಸೆರಗಿಗೆ ಕಟ್ಟಿಕೊಂಡಳು. ಅವನು ಬೇರೆಯವರ ಬೈಕು ಕೇಳಿಕೊಂಡ.

ಮಾರ್ಚಿನ ಒಂದು ಸಂಜೆ ಮಾಮಾ ಆ ಕಡೆಯಿಂದ ಒಬ್ಬನೇ ಬೈಕಿನಲ್ಲಿ ಬರುತ್ತಿದ್ದ. ಆ ರಸ್ತೆಯಲ್ಲಿ ನಮ್ಮೂರ ಕಡೆ ಮುಖ ಮಾಡಿದರೆ ಇಳಿಹೊತ್ತಿನ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಗಾಲಿ ಪಂಕ್ಚರಾದ ಕಬ್ಬಿನ ಟ್ರಾಲಿಯೊಂದು ರಸ್ತೆಯಲ್ಲೇ ನಿಂತಿತ್ತು. ಬಿಸಿಲಿಗೆ ಕಾಣಲಿಲ್ಲವೋ, ಕುಡಿದದ್ದಕ್ಕೆ ಕಾಣಲಿಲ್ಲವೋ, ಹೇಳುವವರು ಎರಡನ್ನೂ ಹೇಳಿದರು. ನಾನು ಆ ಹೊತ್ತಿಗೆ ಕೋಣೆಯಲ್ಲಿ ಕೊನೆಯ ಪ್ರವಾಸಿಗರಿಗೆ ಬಡಿಸುತ್ತಿದ್ದೆ. ಸುನಂದಾ ಓಡಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿದ್ದ ಗ್ಲಾಸನ್ನು ಮೇಜಿನ ಮೇಲಿಟ್ಟು ಅವಳ ಹಿಂದೆ ನಡೆದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಾಮಾನನ್ನೂ ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಇನ್ನೇನು ಹಾಡು ಎತ್ತುತ್ತಾನೆ ಎಂಬಂತೆ ಇದ್ದ. ಅಕ್ಕ ಅಳಲಿಲ್ಲ, ಅವನ ಅಂಗಿಯ ಮಡಿಕೆ ಸರಿಮಾಡುತ್ತ ಕೂತಿದ್ದಳು. ಹೊರಗೆ ಜಗುಲಿಯ ಮೇಲೆ ಯಾರೋ ಗಂಡಸು, ನಮಗೆ ಕೇಳಿಸಲಿ ಎಂದೇ, "ಬಾಟಲಿ ಮಲಗಸ್ತೀನಿ ಅಂತ ಹೊಂಟಾಕಿ ಗಂಡನ್ನ ಮಲಗಿಸಿದ್ಲು. ಇಲ್ಲೇ ಅಂಗಡಿ ಇದ್ದಿದ್ರ ಇಂವ ಸಾಯ್ತಿದ್ದಿಲ್ಲ" ಎಂದ. ಅಕ್ಕನ ಕೈ ಅಂಗಿಯ ಮೇಲೆ ನಿಂತುಹೋಯಿತು. ಆ ಮಾತು ಅವಳೊಳಗೆ ಹೋಗಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ಎದ್ದು ಹೊರಗೆ ಹೋಗಿ ಅವನ ಬಾಯಿ ಮುಚ್ಚಿಸಿದೆ, ನನಗೆ ಬರುವ ನಾಲ್ಕೂ ಭಾಷೆಯಲ್ಲಿ ಬೈದೆ. ಆದರೆ ಹೋದ ಮಾತು ಹೋಗಿತ್ತು.

ಕೊಯ್ಲು ಮುಗಿಯಿತು. ಬಳ್ಳಿಗಳನ್ನು ಮತ್ತೆ ಸವರಿದರು. ನನಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹೊರಟುಬಂದೆ. ಅಕ್ಕ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಸೇರಿದಳು. ಫೋನು ಮಾಡಿದರೆ ಮಗಳ ಸುದ್ದಿ, ಮಳೆಯ ಸುದ್ದಿ ಹೇಳುತ್ತಿದ್ದಳು. ಆ ವರ್ಷದ ಮಾತು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಿದರೆ "ಇಡ್ತೀನಿ" ಎನ್ನುತ್ತಿದ್ದಳು.

ಹೀಗೇ ವರ್ಷಗಳು ಕಳೆದು, ಕಳೆದ ತಿಂಗಳು ಆ ಅಮಲಿಲ್ಲದ ವೈನಿನ ವಾಸನೆ ಹಿಡಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ರಜೆ ಹಾಕಿ ಊರಿಗೆ ಹೋದೆ. ಹೋದ ದಿನವೇ ಸುನಂದಾ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದಳು. ಅಂಗಡಿಯವರು ಮತ್ತೆ ತೆರೆಯಲು ಓಡಾಡುತ್ತಿದ್ದಾರೆ, ಗ್ರಾಮಸಭೆಯಲ್ಲಿ ಹೆಂಗಸರು ಎದ್ದು ನಿಂತು ಬೇಡ ಅನ್ನಬೇಕು, ನೀವು ಮುಂದೆ ನಿಲ್ಲಬೇಕು ಎಂದು ಕೇಳಲು ಬಂದಿದ್ದರು.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

"ತೆರೀಲಿ ಬಿಡ್ರಿ" ಎಂದಳು.

ಮೊರವನ್ನು ಇನ್ನೊಮ್ಮೆ ಕೇರಿದಳು.

"ಇಲ್ಲೇ ಇದ್ದಿದ್ರ ಗಟಾರದಾಗ ಬೀಳ್ತಿದ್ರು. ನಾ ಹೋಗಿ ಎತಗೊಂಡು ಬರ್ತಿದ್ನಿ. ಮೈ ತೊಳೀತಿದ್ನಿ. ಇವತ್ತೂ ಎತಗೊಂಡು ಬರ್ತಿದ್ನಿ." ಮೊರ ಕೆಳಗಿಟ್ಟಳು. "ದೂರ ಕಳಿಸಿದಾಕಿ ನಾನs."

ಅಷ್ಟು ವರ್ಷ ಅವಳು ಒಳಗೆ ಇಟ್ಟುಕೊಂಡಿದ್ದ ಮಾತು ಅದು. ಅಲ್ಲ ಅಕ್ಕಾ, ಅಲ್ಲ ಎಂದು ಅವಳ ಕೈ ಹಿಡಿದೆ, ಬಿಡಿಸಿಕೊಂಡಳು. ಬಂದ ಹೆಂಗಸರು ಒಬ್ಬೊಬ್ಬರಾಗಿ ಏಳತೊಡಗಿದರು. ಸುನಂದಾ ಮಾತ್ರ ಏಳಲಿಲ್ಲ.

"ಅಕ್ಕಾರ, ನನಗ ಏನ್ ಹೇಳಬೇಕು ತಿಳೀವಲ್ದರಿ. ಅಂಗಡಿ ಬಂದ್ ಆದ ಮ್ಯಾಲ ನನ್ನ ಗಂಡ ಆ ಕಡಿ ಹೋಗಲಿಲ್ಲ. ಅವನ ಕಡೆ ಗಾಡಿ ಇದ್ದಿದ್ದಿಲ್ಲ, ನಡದು ಹೋಗಾಕ ಕಾಲಾಗ ತ್ರಾಣ ಇದ್ದಿದ್ದಿಲ್ಲ. ಹಂಗs ಬಿಟ್ಟ. ಉಳದಾನ. ಇದನ್ನ ನಿಮ್ಮ ಮುಂದ ಹೇಳಾಕ ನನಗ ನಾಚಿಕಿ ಬರ್ತೈತ್ರಿ."

ಅಕ್ಕ ಅವಳ ಕಡೆ ತಿರುಗಿದಳು.

"ಈಗ ಹೊಡೀತಾನೇನು?"

"ಇಲ್ರಿ."

"ಸಂಜೀಕ ಮನಿಗಿ ಬಂದು ಏನ್ ಮಾಡ್ತಾನ?"

ಸುನಂದಾ ತಲೆ ತಗ್ಗಿಸಿದಳು.

"ಹೇಳು. ಕೇಳಾಕತ್ತೀನಿ."

"ನಾ ರೊಟ್ಟಿ ಬಡ್ಯೂ ಮುಂದ ಒಲಿ ಮುಂದ ಬಂದು ಕುಂದರ್ತಾನ್ರಿ. ಸುಮ್ಮನs. ಏನರೆ ಮಾತಾಡ್ಕೊಂತ."

ಅಕ್ಕ ಅಳತೊಡಗಿದಳು. ಮಾಮಾ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸುನಂದಾಳೂ ಅತ್ತಳು, ನಾನೂ. ಆಮೇಲೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ಜೋಳದ ಮೊರವನ್ನು ನನ್ನ ತೊಡೆಯ ಮೇಲಿಟ್ಟಳು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು.

"ನಡೀ, ಸುನಂದಾ" ಎಂದಳು. "ಮೊದ್ಲ ಯಾರ ಮನಿಗಿ ಹೋಗೂದು?"